ಮಂಗಳ ಹಾಡದ ಭಜನೆ

ಮೊನ್ನೆ ಒಬ್ಬರು ಫಾಲ್ ಹಾಕಲು ಹಳೇ ರೇಷ್ಮೆ ಸೀರೆ ತಂದುಕೊಟ್ಟರು. ಮಡಿಕೆ ಬಿಡಿಸಿದೆನೋ ಇಲ್ಲವೋ, ನುಸಿಗುಳಿಗೆಯ ಘಾಟು ಮೂಗಿಗೆ ಬಡಿಯಿತು. ಪೆಟ್ಟಿಗೆಯಲ್ಲಿಟ್ಟ ಸೀರೆಗೆ ಆ ವಾಸನೆ ಇದ್ದದ್ದೇ. ನನಗೆ ಮಾತ್ರ ಅದು ಲಾರಿಯ ವಾಸನೆ. ಹೊಲಿಗೆ ಮಷೀನು ನಿಲ್ಲಿಸಿ, ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೆ...

ಶಿಕಾರಿಪುರದಲ್ಲಿ ನಮ್ಮ ಪಕ್ಕದ ಮನೆಯವನು ಲಾರಿ ಓಡಿಸುತ್ತಿದ್ದ. ಇಡೀ ಓಣಿಗೆ ಡ್ರೈವರಣ್ಣ. ಮೆಕ್ಕೆಜೋಳ ತುಂಬಿಕೊಂಡು ತಮಿಳುನಾಡಿಗೆ, ಅಡಿಕೆ ತುಂಬಿಕೊಂಡು ಗುಜರಾತಿಗೆ ಹೋಗುವವನು. ಹೋದಲ್ಲೆಲ್ಲ ಹಾರ್ಮೋನಿಯಂ ಜೊತೆಗೇ. ಸೀಟಿನ ಹಿಂದೆ ಮಲಗುವ ಜಾಗದಲ್ಲಿ ಅದಕ್ಕೆ ಕೌದಿ ಸುತ್ತಿ, ಹಗ್ಗ ಬಿಗಿದು ಕೂರಿಸಿ, ತಾನು ಕಾಲು ಮುದುಡಿಕೊಂಡು ಮಲಗುತ್ತಿದ್ದ. ಜಿರಲೆ, ಇಲಿ ಹತ್ತಿರ ಬರಬಾರದೆಂದು ಸುತ್ತಲೂ ನುಸಿಗುಳಿಗೆ. ಒಮ್ಮೆ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಅನುಮಾನಪಟ್ಟು ಗಂಟು ಬಿಚ್ಚಿಸಿ, ನಿಂದೇ ಆಗಿದ್ದರೆ ನುಡಿಸಿ ತೋರಿಸು ಎಂದರಂತೆ. "ಎರಡು ವಚನ ಕೇಳಿ ಚಾ ಕುಡಿಸಿ ಕಳ್ಸಿದ್ರು ನೋಡು" ಎಂದು ಊರಿಗೆಲ್ಲ ಹೇಳಿಕೊಂಡು ನಕ್ಕಿದ್ದ.

ಆ ನಗು ಅವನ ಹೆಂಡತಿಗೆ ಲಕ್ವ ಹೊಡೆಯುವವರೆಗೆ. ನಾನು ಅವಳನ್ನು ಅತ್ತಿಗೆ ಎನ್ನುತ್ತಿದ್ದೆ. ಸೊರಬದ ಕಡೆ ಜಡೆ ಊರಿನವಳು, ಚಿಕ್ಕಂದಿನಿಂದ ಭಜನೆಯಲ್ಲೇ ಬೆಳೆದವಳು. ಬಲಗೈ ಬಿತ್ತು, ಮಾತು ಹೋಯಿತು. ನೀರು ಬೇಕೆಂದರೂ ಬರೀ ಕಣ್ಣಲ್ಲೇ ಕೇಳಬೇಕು. ಆಸ್ಪತ್ರೆಯಿಂದ ಕರೆತಂದ ಮೇಲೆ ಒಂದು ಸಂಜೆ ಅಣ್ಣ ಬೇಸರ ಕಳೆಯಲೆಂದು ಹಾರ್ಮೋನಿಯಂ ಎಳೆದುಕೊಂಡು ಕೂತ. ಅವಳು ಹಾಡಿದಳು. ಒಂದಕ್ಷರ ತಪ್ಪದೆ, ಪೂರ್ತಿ ಹಾಡು. ನಾವೆಲ್ಲ ಬೆಪ್ಪಾಗಿ ನಿಂತೆವು. ಹೀಗಾಗುವುದುಂಟು, ದಿನಾ ತಪ್ಪದೆ ಹಾಡಿಸಿ, ಹಾಡಿನ ಹಿಂದೆ ಮಾತೂ ಬಂದೀತು ಎಂದರು ಡಾಕ್ಟರು.

ಹಾಗೆಂದು ಮನೆಯಲ್ಲೇ ಕೂತರೆ ಒಲೆ ಉರಿಯಬೇಕಲ್ಲ. ಜಡೆಯಿಂದ ಅವಳ ಅಕ್ಕ ಬಂದು ಆರೈಕೆಗೆ ನಿಂತಳು, ಅಣ್ಣ ಲಾರಿ ಹತ್ತಿದ. ದಿನಾ ಸಂಜೆ ಎಲ್ಲಿದ್ದರೂ ಗಾಡಿ ಬದಿಗೆ ಹಾಕಿ ನನ್ನ ಫೋನಿಗೆ ಕರೆ ಮಾಡುವನು. ನಾನು ಅದನ್ನು ಅತ್ತಿಗೆಯ ಕಿವಿಯ ಹತ್ತಿರ ಹಿಡಿಯುತ್ತಿದ್ದೆ. ಆ ಕಡೆಯಿಂದ ಹಾರ್ಮೋನಿಯಂ, ನಡುವೆ ಲಾರಿಗಳ ಹಾರನ್ನು. ಈ ಕಡೆ ಅವಳ ದನಿ. ಕೊನೆಗೆ ಮಂಗಳ ಮಾತ್ರ ನುಡಿಸುತ್ತಿರಲಿಲ್ಲ. ಮಂಗಳ ಹಾಡಿದರೆ ಭಜನೆ ಮುಗಿಯಿತು, ಆಮೇಲೆ ಯಾರೂ ಬಾಯಿ ತೆಗೆಯುವುದಿಲ್ಲ. ಅದು ನಮ್ಮ ಕಡೆಯ ರೂಢಿ. "ಉಳಿದದ್ದು ನಾಳಿಗೆ" ಎಂದು ಹಾಗೇ ಬಿಡುತ್ತಿದ್ದ. ಒಂದು ಸಂಜೆ ಹಾಡು ನಿಂತ ಮೇಲೆ ಅತ್ತಿಗೆ ಫೋನಿನ ಕಡೆ ಬಾಗಿ "ಊಟ?" ಎಂದಳು. ಅಷ್ಟೇ, ಒಂದೇ ಮಾತು. ಗಂಡಸು ಅಳುವುದನ್ನು ಫೋನಿನಲ್ಲಿ ಕೇಳಬಾರದಪ್ಪ...

ಆಮೇಲೆ ಆ ದಿನ ಬಂತು. ಬೆಳಿಗ್ಗೆಯೇ ಅವನ ಫೋನು. "ಸಂಜಿಗೆ ಘಟ್ಟದಾಗೆ ಇರ್ತೀನಿ ತಂಗಿ, ಟವರ್ ಸಿಗಂಗಿಲ್ಲ. ನಮ್ಮೂರ ಭಜನಿಯೋರಿಗೆ ಬಂದು ಹಾಡಾಕೆ ಹೇಳೀನಿ. ಒಂದಿನಾನೂ ತಪ್ಪಬಾರ್ದು." ಅವರೂ ಪಾಪ, ಕೆಲಸ ಬಿಟ್ಟು ತಾಳ, ತಬಲಾ, ತಮ್ಮದೇ ಹಾರ್ಮೋನಿಯಂ ಹೊತ್ತುಕೊಂಡು ಬಂದರು. ಅತ್ತಿಗೆಯ ಮುಖ ಅಷ್ಟು ಅರಳಿದ್ದನ್ನು ನಾನು ಕಂಡೇ ಇರಲಿಲ್ಲ. ಒಂದಾದ ಮೇಲೊಂದು ಹಾಡಿದಳು. ಕೊನೆಗೆ ಯಾರೋ ಕರ್ಪೂರ ಹಚ್ಚಿದರು. ರೂಢಿಯಂತೆ ಎಲ್ಲರೂ ಎದ್ದುನಿಂತು ಮಂಗಳ ಹಾಡಿದರು. ಅವಳೂ ಹಾಡಿದಳು. ಎಡಗೈ ಎತ್ತಿ ನಮಸ್ಕಾರ ಮಾಡಿ ಬಾಯಿ ಮುಚ್ಚಿದಳು. ಮತ್ತೆ ಆ ಬಾಯಿ ಹಾಡಿಗೆ ತೆರೆಯಲಿಲ್ಲ.

ಮಾರನೆಯ ಸಂಜೆ ಫೋನಿನಲ್ಲಿ ಹಾರ್ಮೋನಿಯಂ ಒಂದೇ. ಅದರ ಮರುದಿನವೂ ಅಷ್ಟೇ. ಲೋಡು ಇಳಿಸಿದವನೇ ಓಡಿಬಂದು, ಮಂಚದ ಪಕ್ಕ ಕೂತು, ಗಣಪತಿ ಪದದಿಂದ ಹೊಸದಾಗಿ ಶುರುಮಾಡಿದ. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ತುಟಿ ಮಾತ್ರ ಅಲುಗಲಿಲ್ಲ. "ಅವ್ರು ಗೊತ್ತಿಲ್ದೆ ಹಾಡಿದ್ದು ಕಣೇ. ಇನ್ನೂ ಮುಗಿದಿಲ್ಲ. ಒಂದು ಸಾಲು ಹೇಳೇ" ಎಂದು ಅವಳ ಕಾಲು ಹಿಡಿದುಕೊಂಡ. ನನ್ನ ಕಡೆ ತಿರುಗಿ, "ಕಳ್ಸಿದಾಂವ ನಾನು ತಂಗಿ. ಮಂಗಳ ಬ್ಯಾಡ ಅಂತ ಒಂದು ಮಾತು ಹೇಳ್ಲಿಲ್ಲ ನೋಡು" ಎಂದ. ಇನ್ನೊಂದು ಸಣ್ಣ ಲಕ್ವ ಆಗಿರಬೇಕು, ಮಂಗಳಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಇರಬಹುದು. ಡಾಕ್ಟರಿಗೆ ಭಜನೆ ಗೊತ್ತಿಲ್ಲ.

ಮತ್ತೆ ಲಾರಿ, ಮತ್ತೆ ಸಂಜೆಯ ಫೋನು. "ತುಟಿ ಆಡಿಸಿದ್ಲೇನು?" ಎಂದು ಕೇಳುತ್ತಿದ್ದ. ಇಲ್ಲಣ್ಣ ಎನ್ನುತ್ತಿದ್ದೆ. ಕೊನೆಕೊನೆಗೆ ಕೇಳುವುದನ್ನೂ ಬಿಟ್ಟ. "ಸುಮ್ನೆ ಹಿಡ್ಕೊಂಡಿರು, ಸಾಕು" ಎನ್ನುತ್ತಿದ್ದ. ಹಿಡಿದುಕೊಂಡಿರುತ್ತಿದ್ದೆ. ಕೈ ಸೋತರೂ ಇಳಿಸಲು ಮನಸ್ಸಾಗುತ್ತಿರಲಿಲ್ಲ...

ಅತ್ತಿಗೆ ಹೋದಾಗ ಅವನು ಎಲ್ಲೋ ದೂರದ ಹೈವೇಯಲ್ಲಿದ್ದ. ಬರುವವರೆಗೆ ಕಾದೆವು. ಬಂದವನು ಯಾರನ್ನೂ ಮಾತಾಡಿಸದೆ ಹಾರ್ಮೋನಿಯಂ ಇಳಿಸಿ ಅಂಗಳದಲ್ಲಿ ಅವಳೆದುರು ಕೂತು ನುಡಿಸತೊಡಗಿದ. ಒಂದು ಮುಗಿಯುವ ಮೊದಲೇ ಇನ್ನೊಂದು. ಹೊತ್ತು ಮೀರುತ್ತಿತ್ತು. ಭಜನೆಯ ಹಿರಿಯರು ಮೆಲ್ಲಗೆ, "ಸಾಕು ಕಣಪ್ಪ, ಮಂಗಳ ಹೇಳಾಣ" ಎಂದರು.

"ಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಹೇಳ್ಬ್ಯಾಡ್ರಿ."

ಯಾರೂ ಹೇಳಲಿಲ್ಲ. ಹಾಗೇ ಹೊತ್ತುಕೊಂಡು ಹೋದರು.

ಮುಂದೆಯೂ ಅವನು ಲಾರಿ ಓಡಿಸಿದ. ಹಾರ್ಮೋನಿಯಂ ಹಿಂದೆಯೇ ಇತ್ತು, ಕೌದಿ ಬಿಚ್ಚಿದ್ದನ್ನು ಮಾತ್ರ ಯಾರೂ ಕಾಣಲಿಲ್ಲ. ಹೋದ ಮಳೆಗಾಲದಲ್ಲಿ ಎದೆನೋವೆಂದು ಮಲಗಿದವನು ಏಳಲಿಲ್ಲ. ಅದೇ ಅಂಗಳಕ್ಕೆ ಅದೇ ಭಜನೆಯವರು ಬಂದರು, ಬೆಳಗಿನಿಂದ ಹಾಡಿದರು. ಎತ್ತುವ ಹೊತ್ತಾದಾಗ ಹಿರಿಯರು ನನ್ನ ಮುಖ ನೋಡಿ, "ಏನ್ಮಾಡಾಣಮ್ಮ, ಹಾಡಾಣೋ ಬ್ಯಾಡೋ?" ಎಂದರು.

"ಹಾಡ್ರಿ" ಎಂದೆ. "ಇಬ್ರುದೂ ಸೇರ್ಸಿ ಹಾಡ್ರಿ."

ಈಗ ಪಕ್ಕದ ಮನೆಗೆ ಬೇರೆಯವರು ಬಂದಿದ್ದಾರೆ, ಒಳ್ಳೆಯ ಜನ. ಸಂಜೆ ಹೊತ್ತಿಗೆ ನನ್ನ ಫೋನು ಸುಮ್ಮನಿರುತ್ತದೆ.