ಸುಣ್ಣ ಒಣಗುವ ತನಕ

ಮೂರೇ ಬಣ್ಣ ಸಾಕೆಂದು ಹಟ ಹಿಡಿದವನು ನಾನೇ: ಇದ್ದಲಿ, ಗೋಂದಿನಲ್ಲಿ ಕಲಸಿದ ಹೊಲದ ಕಪ್ಪು ಎರಿಮಣ್ಣು, ಗೋಡೆಗೆ ಬಳಿಯುವ ಸುಣ್ಣ. ಮಾದನಹಿಪ್ಪರಗಾದ ತೊಗರಿ ಹೊಲಗಳ ಮೇಲೆ ಮೋಡ ಕವಿದ ಹೊತ್ತನ್ನು ದಪ್ಪ ರಟ್ಟಿನ ಮೇಲೆ ಬಿಡಿಸುತ್ತಿದ್ದೆ. ಹೊಲದ ಸಾಲುಗಳಿಗೆ ಗೋಣಿದಾರ ಅಂಟಿಸಿದ್ದೆ. ಮರುದಿನ ಬೆಳಗಿನ ಬಸ್ಸಿಗೆ ಅದನ್ನು ಆಳಂದದ ಪ್ರದರ್ಶನಕ್ಕೆ ಒಯ್ಯಬೇಕಿತ್ತು. ನನ್ನ ಚಿತ್ರವನ್ನು ಹೊರಗಿನ ಜನ ನೋಡುವುದು ಅದೇ ಮೊದಲು.

ಮೋಡದ ಅಂಚಿಗೆ ಒಂದೇ ಗೆರೆ ಬೆಳಕು ಬೇಕಿತ್ತು. ಸುಣ್ಣ ಎಳೆದೆ, ಕಾಣಲಿಲ್ಲ. ಮತ್ತೆ ಎಳೆದೆ, ಅಗಲವಾಗಿ ಎಳೆದೆ. ಪ್ರತಿ ವರ್ಷ ಮನೆಗೆ ತಾನೇ ಸುಣ್ಣ ಬಳಿಯುವ ದೊಡ್ಡವ್ವ ಬಾಗಿಲಲ್ಲಿ ನಿಂತು ನೋಡಿ ನಕ್ಕಳು.

"ಲೇ, ಹಸಿ ಸುಣ್ಣ ಎಲ್ಲೆರ ಕಾಣ್ತದೇನು? ಒಣಗಲಿ ತಡಿ, ನಿನ್ನ ಮಳಿ ಮೋಡ ಹೋಗಿ ಹಬ್ಬದ ಗ್ವಾಡಿ ಆಗ್ತದ."

ಗಾಬರಿಯಲ್ಲಿ ಬಟ್ಟೆ ಎತ್ತಿಕೊಂಡೆ. ಒರೆಸಲು ಹೋದರೆ ಕೆಳಗಿನ ಮಣ್ಣೂ ಕಿತ್ತು ಬಂತು.

"ಈಗೇನ್ ಮಾಡ್ಲಿ ದೊಡ್ಡವ್ವಾ?"

"ಕೈ ಕಟ್ಟಿ ಕೂಡು. ಪೂರಾ ಒಣಗಿದ ಮ್ಯಾಲ ಇದ್ದಲಿ ತಿಕ್ಕು. ಹಸಿ ಇದ್ದಾಗ ಗುದ್ದಾಡಿದ್ರ ಮೋಡಾನೂ ಹೋಗ್ತದ, ಹೊಲಾನೂ ಹೋಗ್ತದ."

ಕೂತೆ. ನನ್ನ ಕಣ್ಣೆದುರೇ ಬಿಳುಪು ಏರುತ್ತ ಬಂತು. ಒಣಗುವಷ್ಟರಲ್ಲಿ ಅರ್ಧ ಆಕಾಶ ಬೆಳ್ಳಗಾಗಿತ್ತು. ಇದ್ದಲಿ ತಿಕ್ಕಿದೆ. ಸುಣ್ಣದ ಒರಟಿಗೆ ಕಪ್ಪು ಗಟ್ಟಿಯಾಗಿ ಹಿಡಿದು, ಮೋಡ ಮೊದಲಿಗಿಂತ ಭಾರವಾಗಿ ಇಳಿಯಿತು. ಅಂಚಿನಲ್ಲಿ ಒಂದು ಗೆರೆ ಮಾತ್ರ ಉಳಿಸಿದೆ.

ಅದು ತೀರಾ ಸಣ್ಣದಾಯಿತೇನೋ ಅನ್ನಿಸಿ ನನ್ನ ಕೈ ಮತ್ತೆ ಸುಣ್ಣದ ಡಬ್ಬಿಯತ್ತ ಹೋಯಿತು. ದೊಡ್ಡವ್ವ ಡಬ್ಬಿ ಎತ್ತಿಕೊಂಡು ಒಳಗೆ ನಡೆದಳು.