ಹಲ್ಲಿಗೆ ಕುಡಗೋಲು, ಬೆನ್ನಿಗೆ ಹಾವು

ಗಾಯಕ್ಕೆ ದರ್ಜೆ ಕೊಡುವ ಕೆಲಸಕ್ಕಿಂತ ಹೊಲಸು ಕೆಲಸವನ್ನು ನಾನು ನೋಡಿಲ್ಲ. ಹದಿನೆಂಟು ವರ್ಷ ದವಾಖಾನೆಯ ಬೇಸಿನ್ ತೊಳೆದವಳು ಈ ಮಾತು ಹೇಳುತ್ತಿದ್ದೇನೆ.

ನಾನು ಎರಡನೆಯ ಇಯತ್ತೆಗೇ ಸಾಲೆ ಬಿಟ್ಟವಳು. ಕನ್ನಡವನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಒಂದೊಂದೇ ಅಕ್ಷರ ಹಿಡಿದು ಓದುತ್ತೇನೆ. ಇಂಗ್ಲಿಷಿನಲ್ಲಿ ನನಗೆ ಬರುವುದು ಎರಡೇ ಅಕ್ಷರ. ಅವನ್ನು ಕಲಿಸಿದವನು ನಮ್ಮ ಸಣ್ಣ ಸರಕಾರಿ ದವಾಖಾನೆಯ ಕಂಪೌಂಡರ್ ಕಾಕಾ. ಎಂಬತ್ತರ ದಶಕದ ನಡುವಿನ ಮಾತು. ನಾನು ಅಲ್ಲಿ ಆಯಾ. ಹೊಡೆದಾಟದಲ್ಲಿ ಪೆಟ್ಟು ತಿಂದವರು ಬಂದರೆ ಡಾಕ್ಟರ್ ಗಾಯ ನೋಡಿ ಚೀಟಿ ಬರೆಯುತ್ತಿದ್ದ, ಕೊನೆಯ ಸಾಲಿನಲ್ಲಿ ಒಂದು ಅಕ್ಷರ ಹಾಕುತ್ತಿದ್ದ. ಆ ಚೀಟಿಯನ್ನು ಪೋಲೀಸ್ ಚೌಕಿಗೆ ಮುಟ್ಟಿಸುವುದು ನನ್ನ ಕೆಲಸ.

“ಇದು ಹಾವಿನಂಗ ಹೊಳ್ಯಾಡೈತಲ್ಲ, ಇದು ಸಾದಾ ಗಾಯ,” ಎಂದು ಕಾಕಾ ತೋರಿಸಿದ್ದ. “ಇದು ಕುಡಗೋಲಿನಂಗ ಬಾಗೈತಿ ನೋಡು, ಇದು ಭಾರಿ ಗಾಯ. ಕುಡಗೋಲು ಇದ್ರ ಓಡು. ಹಾವು ಇದ್ರ ಚಾ ಕುಡದು ಹೋಗು.”

ಕುಡಗೋಲು ಕಂಡರೆ ಪೋಲೀಸರು ಕೇಸು ಬರೆದುಕೊಂಡು ಹೊಡೆದವನನ್ನು ಹಿಡಿದು ತರುತ್ತಿದ್ದರು. ಹಾವು ಕಂಡರೆ ‘ಕೋರ್ಟಿಗೆ ಹೋಗು’ ಎಂದು ಹೇಳಿ ಚೀಟಿಯನ್ನು ಗೋಡೆಯ ಮೊಳೆಗೆ ಚುಚ್ಚುತ್ತಿದ್ದರು.

ಕಣ್ಣು ಹೋದರೆ, ಕಿವಿ ಕೆಟ್ಟರೆ, ಎಲುಬು ಮುರಿದರೆ, ಹಲ್ಲು ಬಿದ್ದರೆ ಕುಡಗೋಲು. ಇವು ಯಾವುವೂ ಆಗಿಲ್ಲವೆಂದರೆ ಪೆಟ್ಟು ತಿಂದವರು ಇಪ್ಪತ್ತು ದಿವಸ ತಮ್ಮ ದಿನದ ಕೆಲಸ ಮಾಡಲಾಗದೆ ಬಿದ್ದಿರಬೇಕು. ಮೊದಲೇ ಎದ್ದರೆ ಹಾವು. ಈ ಕಾಯಿದೆ ಬರೆದವನು ಗಂಡಸೇ ಇರಬೇಕು. ಇಪ್ಪತ್ತು ದಿವಸ ಕೆಲಸ ಬಿಟ್ಟು ಮಲಗುವ ಹೆಂಗಸನ್ನು ಅವನು ಎಲ್ಲಿ ನೋಡಿದ್ದನೋ. ಹಾಗೆ ಮಲಗಿದ್ದನ್ನು ನಾನು ನೋಡಿದವರೆಲ್ಲ ಹೆಣಗಳು.

ಒಂದು ಬೇಸಿಗೆಯಲ್ಲಿ ದುಮ್ಮವಾಡದ ಕಡೆಯ ಬಸ್ಸಿನಿಂದ ಗಂಡ ಸತ್ತ ಹೆಣ್ಣುಮಗಳೊಬ್ಬಳು ಇಳಿದು ಬಂದಳು. ತನ್ನ ಪಾಲಿನ ಹೊಲ ಬಿಟ್ಟುಕೊಡಲು ಹೆಬ್ಬೆಟ್ಟು ಒತ್ತಲಿಲ್ಲವೆಂದು ಮೈದುನ ಬಾರಕೋಲಿನ ಕಟ್ಟಿಗೆಯಿಂದ ಬಡಿದಿದ್ದ. ಇಬ್ಬರೂ ಇರುವುದು ಒಂದೇ ಮನೆಯಲ್ಲಿ. ಕುಬಸ ಬಿಚ್ಚಿದರೆ ಬೆನ್ನೆಲ್ಲ ಬದನೆಕಾಯಿಯ ಬಣ್ಣ, ಬಲಗೈ ಮೇಲೇಳುತ್ತಿಲ್ಲ. ನಮ್ಮಲ್ಲಿ ಎಕ್ಸರೇ ಇರಲಿಲ್ಲ, ಡಾಕ್ಟರನ ಬೆರಳೇ ಎಕ್ಸರೇ. ಮೈಸೂರು ಕಡೆಯಿಂದ ಹೊಸದಾಗಿ ಬಂದವನು, ಎರಡು ಕಡೆ ಒತ್ತಿ ನೋಡಿದ.

“ಮೂಳೆ ಮುರಿದಿಲ್ಲಮ್ಮ. ನಾಲ್ಕು ದಿನ ಇಲ್ಲೇ ಇರಿ, ನೋಡೋಣ.”

ಚೀಟಿಯ ಕೊನೆಯ ಸಾಲನ್ನು ಖಾಲಿ ಬಿಟ್ಟ.

“ಅವನ್ನ ಹಿಡಕೊಂಡ ಹೋಗ್ತಾರಿಲ್ಲಬೇ?” ಎಂದು ಅವಳು ನನ್ನನ್ನು ಕೇಳಿದಳು. “ಇಲ್ಲಂದ್ರ ನಾ ಮನಿಗೆ ಹೋಗೂದ್ರಾಗ ಬಾಗಲಾಗ ಕುಂತಿರ್ತಾನ.”

“ಇಪ್ಪತ್ತು ದಿನ ಹೆಣಾ ಬಿದ್ದಂಗ ಬಿದ್ದಿದ್ರ ಹಿಡೀತಾರ. ಡಾಕ್ಟರ್ ಬಂದಾಗ ನರಳು.”

“ಸುಳ್ಳ ನರಳ್ಲೇನು?”

“ಖರೇನ ನರಳು. ನೋಯೂದಿಲ್ಲೇನು?”

“ನೋಯ್ತೈತಿ. ಆದ್ರ ನರಳಾಕ ನಾಚಿಕಿ ಬರ್ತೈತಿ.”

ಹುಚ್ಚಿ.

ಅದೇ ಮಧ್ಯಾಹ್ನ ಮೈದುನನೂ ಬಂದ. ತಂಬಾಕಿನ ಚೀಟಿಯಲ್ಲಿ ಒಂದು ಹಲ್ಲು ಸುತ್ತಿಕೊಂಡು ತಂದಿದ್ದ. ಅವನು ಬಡಿಯುವಾಗ ಇವಳು ಸವಟು ಬೀಸಿದ್ದಳಂತೆ, ಬಾಯಿಗೆ ತಾಗಿತ್ತಂತೆ. ಡಾಕ್ಟರ್ ಬಾಯಿ ನೋಡಿದ, ಹಲ್ಲು ನೋಡಿದ, ಎರಡು ನಿಮಿಷದಲ್ಲಿ ಕುಡಗೋಲು ಹಾಕಿದ. ಬೆನ್ನಿಗೆ ಖಾಲಿ ಸಾಲು, ಹಲ್ಲಿಗೆ ಕುಡಗೋಲು! ಆ ಚೀಟಿ ಚೌಕಿ ಮುಟ್ಟಿದರೆ ಪೋಲೀಸರು ಮಂಚದ ಮೇಲಿನ ಹೆಂಗಸನ್ನೇ ಎಬ್ಬಿಸಿಕೊಂಡು ಹೋಗುತ್ತಿದ್ದರು.

ಆ ಹಲ್ಲು ನನಗೆ ಗುರುತಿನದು.

“ಸಾಹೇಬ್ರ, ಅದು ಮೊದಲ ಅಳ್ಳಾಡ್ತಿತ್ರಿ. ಹೋದ ವಾರ ಕೀಳ್ರಿ ಅಂತ ಇಲ್ಲೇ ಬಂದಿದ್ದ.”

“ನೀನು ಡಾಕ್ಟರಾ? ಬಕೆಟ್ ತಗೊಂಡು ಹೋಗು.”

ಮೈದುನ ಹಲ್ಲಿಲ್ಲದ ಸಂದಿಯಿಂದ ನಕ್ಕ. “ಆಯಾಗ ಸ್ವಲ್ಪ ಬುದ್ಧಿ ಹೇಳ್ರಿ ಸಾಹೇಬ್ರ.”

ಕಾಕಾ ಅಂದು ಯಮನೂರು ಜಾತ್ರೆಗೆ ಹೋಗಿದ್ದ. ರೋಗಿಗಳ ಪುಸ್ತಕ ಕಪಾಟಿನಲ್ಲಿತ್ತು, ಆದರೆ ಎಲ್ಲ ಇಂಗ್ಲಿಷಿನಲ್ಲಿ, ಒಂದು ಸಾಲೂ ನನಗೆ ಓದಲು ಬರದು. ಬೇಕಾಗಲೂ ಇಲ್ಲ. ಹೋದ ವಾರ ಈ ಪ್ರಾಣಿ ಬಾಯಿ ತೆರೆದು ಹಲ್ಲು ತೋರಿಸುವಾಗ ತಂಬಾಕಿನ ಜೊಲ್ಲು ಪುಟದ ಮೇಲೆ ಸುರಿದಿತ್ತು. “ಇದೇನ ಉಗಳೂ ಡಬ್ಬಿ ಏನಲೇ?” ಎಂದು ಕಾಕಾ ಬೈದಿದ್ದ, ಒರೆಸಿದವಳು ನಾನು. ಕಂದು ಕಲೆ ಸಿಗುವವರೆಗೆ ಪುಟ ತಿರುವಿ ಡಾಕ್ಟರನ ಮುಂದೆ ಹಿಡಿದೆ.

“ಕಲೆ ಐತಲ್ಲ, ಅಲ್ಲಿ ಓದ್ರಿ.”

ಓದಿದ. ಹಲ್ಲು ಅಲ್ಲಾಡುತ್ತಿದೆ, ಹುಬ್ಬಳ್ಳಿಗೆ ಹೋಗಲು ಹೇಳಿದೆ ಎಂದು ಕಾಕಾ ಬರೆದಿದ್ದ. ಡಾಕ್ಟರನಿಗೆ ಆ ಹೆಂಗಸಿನ ಮೇಲೆ ಕರುಣೆ ಬಂತೆಂದು ತಿಳಿಯಬೇಡಿ. ನಾಳೆ ಯಾವನಾದರೂ ವಕೀಲ ಇದೇ ಪುಟ ತೆರೆದರೆ ತನ್ನ ಗತಿಯೇನೆಂದು ಹೆದರಿದ. ಕುಡಗೋಲನ್ನು ಹೊಡೆದು ಹಾಕಿ ಹಾವು ಬರೆದ. ಮೈದುನನ ನಗು ನಿಂತಿತು.

ಇನ್ನು ಇವಳು ಮಲಗಿದ್ದರೆ ಸಾಕಿತ್ತು. ಮೂರು ದಿನ ಮಲಗಿದಳು. ನಾಲ್ಕನೆಯ ದಿನ ನಾನು ಬಟ್ಟೆ ಒಗೆದು ಬರುವಷ್ಟರಲ್ಲಿ ಹಿತ್ತಲಿನ ಒಲೆಯ ಮುಂದೆ ಕುಳಿತು ಎಡಗೈಯಿಂದ ರೊಟ್ಟಿ ಬಡಿಯುತ್ತಿದ್ದಾಳೆ! ಬಾಜೂ ಮಂಚದ ಬಾಣಂತಿಯ ಜೊತೆಗಿದ್ದ ಮುದುಕಿಗೆ ಜ್ವರ ಬಂದಿತ್ತಂತೆ, ಬಾಣಂತಿಗೆ ಮಾಡಿ ಹಾಕುವವರಿರಲಿಲ್ಲವಂತೆ. ರೊಟ್ಟಿಯ ವಾಸನೆಗೆ ಡಾಕ್ಟರನೂ ಹಿತ್ತಲಿಗೆ ಬಂದ. ನಿಂತಲ್ಲೇ ಶೇಂಗಾ ಚಟ್ನಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದ. “ಚೆನ್ನಾಗಿದೆಯಮ್ಮ,” ಎಂದ. ಕೈ ತೊಳೆದು ಒಳಗೆ ಹೋಗಿ, ಖಾಲಿ ಬಿಟ್ಟಿದ್ದ ಸಾಲಿನಲ್ಲಿ ಹಾವು ಬರೆದ.

“ಎಡಗೈಲೆ ಬಡದಾಳ್ರಿ. ಬಲಗೈ ಏಳೂದಿಲ್ರಿ,” ಎಂದೆ.

“ದಿನದ ಕೆಲಸ ಮಾಡ್ತಿದ್ದಾಳಲ್ಲ. ಎಡಗೈಗೆ ಅಂತ ಬೇರೆ ಅಕ್ಷರ ಇಲ್ಲ.”

ಅವನ ಮೀಸೆಯಲ್ಲಿ ಇನ್ನೂ ಚಟ್ನಿ ಇತ್ತು.

ಹಿತ್ತಲಿಗೆ ಹೋಗಿ ಅವಳನ್ನು ಬೈದೆ. “ಇಪ್ಪತ್ತು ದಿನ ಬಿದ್ದಿರಾಕ ಏನಾಗಿತ್ತು ಖೋಡಿ ನಿನಗ?”

“ಬಾಣಂತಿ ಹಸಗೊಂಡ ಕುಂತಾಗ ಹೆಂಗ ಮಲಗ್ಲಿಬೇ?”

ಚೀಟಿ ತೆಗೆದುಕೊಂಡು ಹೊರಟೆ. ಕಾಕಾನ ಕಾಯಿದೆಯಂತೆ ದಾರಿಯಲ್ಲಿ ಚಾ ಕುಡಿದೆ. ಹವಾಲ್ದಾರ ಅಕ್ಷರ ನೋಡಿದ, ಆಕಳಿಸಿದ, ಮೊಳೆಗೆ ಚುಚ್ಚಿದ. ಅದರ ಕೆಳಗಿನ ಚೀಟಿ ಮೈದುನನದು. ಅವಳ ಇಡೀ ಬೆನ್ನು, ಅವನ ಹುಳುಕು ಹಲ್ಲು, ಒಂದೇ ಮೊಳೆಯಲ್ಲಿ.

ಅವಳು ಮನೆಗೆ ಹೋದಳು. ಮತ್ತೆ ಬಂದದ್ದು ದಿನ ಎಣಿಸಿಕೊಂಡೇ.

“ಇವತ್ತಿಗೆ ಇಪ್ಪತ್ತೊಂದು ಆತ್ರಿ ಸಾಹೇಬ್ರ. ಕೈ ಇನ್ನೂ ಏಳವಲ್ದು.”

“ಚೀಟಿ ಹೋಗಿಬಿಟ್ಟಿದೆಯಲ್ಲಮ್ಮ,” ಎಂದ ಡಾಕ್ಟರ್, ತಲೆ ಎತ್ತದೆ.

ಹೊರಗೆ ಕಟ್ಟೆಯ ಮೇಲೆ ಕೂಡ್ರಿಸಿ ಕೇಳಿದೆ. “ಅಂವ?”

“ಅಲ್ಲೇ ಅದಾನ. ಸವಟು ಬಾಜೂಕ ಇಟಗೊಂಡ ಮಲಗ್ತೇನಿ.”

“ಹೆಬ್ಬೆಟ್ಟು?”

“ಒತ್ತಿಲ್ಲ.”

ಕೈ ಏಳದವಳು ತಲೆ ಹೇಗೆ ಬಾಚಿಕೊಂಡಾಳು? ಅಷ್ಟೂ ದಿನದ ಕೂದಲು ಗುಬ್ಬಿಗೂಡಾಗಿತ್ತು. ಹಣಿಗೆ ತಂದು ಸಿಕ್ಕಿನೊಳಗೆ ಹಾಕಿ ಜಗ್ಗಿದೆ.

“ನೋಯ್ತೈತಬೇ!”

“ಸುಮ್ಮ ಕೂಡ್ರು,” ಎಂದೆ. “ಇದೂ ಸಾದಾನ.”