ಸಿಂಗಳೀಕ, ಸುರುಳಿ ಹುಳ ಮತ್ತು ಶೇಖಮ್ಮನ ಮುಯ್ಯಿ

ಶೇಂಗಾ ಎಲೆ ಸುರುಳಿಗಟ್ಟಿದ್ದರೆ ಬಳಿಚಕ್ರ ಊರಿನ ಶೇಖಮ್ಮ ಬಿಡಿಸಿ ನೋಡುವುದಿಲ್ಲ. ಎರಡು ಬೆರಳಲ್ಲಿ ಹಿಸುಕಿ ಮುಂದಿನ ಗಿಡಕ್ಕೆ ಹೋಗುತ್ತಾಳೆ. ಮದುವೆಯಾಗಿ ಬಂದಾಗಿನಿಂದ ಇಪ್ಪತ್ತು ವರ್ಷ ಹೀಗೆ ಹುಳ ಕೊಂದಿದ್ದಾಳೆ. ಅದರ ಬಗ್ಗೆ ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಕೇಳಿದವಳು ಒಂಬತ್ತನೇ ತರಗತಿಯ ಮಗಳು ನಂದಿನಿ. ಯಾದಗಿರಿಯ ಭಾಷಣ ಸ್ಪರ್ಧೆಗೆ ಶಾಲೆಯಿಂದ ಅವಳೊಬ್ಬಳೇ ಆಯ್ಕೆಯಾಗಿದ್ದಳು. ಸಿಂಗಳೀಕವನ್ನೂ ಸುರುಳಿ ಹುಳವನ್ನೂ ಹೋಲಿಸಿ ಮಾತಾಡಬೇಕೆಂದು ಅವಳದೇ ಹಟ.

ರೊಟ್ಟಿ ಬಡಿಯುತ್ತಲೇ ಶೇಖಮ್ಮ ಹೇಳಿದಳು: ಹುಳ ಮೊದಲು ಎಲೆಯ ಒಳಗೇ ಕೊರೆದುಕೊಂಡಿರುತ್ತದೆ, ಆಮೇಲೆ ಎಲೆ ಮಡಚಿ ನೂಲು ಹಾಕಿ ಮನೆ ಮಾಡಿಕೊಳ್ಳುತ್ತದೆ, ಕಡೆಗೆ ಬೂದಿ ಬಣ್ಣದ ಪತಂಗವಾಗಿ ದೀಪಕ್ಕೆ ಬರುತ್ತದೆ.

ನಂದಿನಿ ಬರೆದುಕೊಂಡಳು. "ಸಿಂಗಳೀಕ ಘಟ್ಟದ ಅಡವ್ಯಾಗ ಕೆಲವೇ ಸಾವಿರ ಉಳದಾವಂತ ಯವ್ವಾ. ಮೂರು ವರ್ಷಕ್ಕೊಂದ ಮರಿ. ಅದಕ್ಕ ಕಾವಲಿಗಿ ಮಂದಿ ಇಟ್ಟಾರ."

"ಮೂರು ವರ್ಷಕ್ಕೊಂದಾ? ಪುಣ್ಯವಂತಿ. ಹುಳಕ್ಕ?"

"ನೂರಾರು ತತ್ತಿ. ಸತ್ರ ಯಾರೂ ಕೇಳಂಗಿಲ್ಲ."

ಪಡಸಾಲೆಯಿಂದ ಅತ್ತೆ ದೇವಕಮ್ಮ ಕೂಗಿದಳು: "ಇಕಿ ಮಾತ ಕೇಳಾಕ ಯಾದಗಿರಿ ಯಾಕ ಬೇಕು? ನನ್ನ ಕಿವಿ ಸಾಲಲ್ಲೇನು?"

ಸ್ಪರ್ಧೆಯ ದಿನವೇ ಶೇಂಗಾ ಕೀಳಲು ಹನ್ನೆರಡು ಮುಯ್ಯಾಳು ಬಂದರು. ಇಂದು ಅವರು ನಮ್ಮ ಹೊಲಕ್ಕೆ, ನಾಳೆ ನಾವು ಅವರ ಹೊಲಕ್ಕೆ. ಅಷ್ಟು ಮಂದಿಗೆ ಮಧ್ಯಾಹ್ನಕ್ಕೆ ರೊಟ್ಟಿಯಾಗಬೇಕು. ಶೇಖಮ್ಮ ಕೀಳುವ ಸಾಲಿನಲ್ಲಿರಲೇಬೇಕು, ದೇವಕಮ್ಮನ ಕೈ ನಡುಗುತ್ತದೆ, ಶೇಖಮ್ಮನ ಗಂಡ ಭಾಗಣ್ಣನಿಗೆ ರೊಟ್ಟಿ ಬಡಿ ಎಂದು ಯಾರೂ ಹೇಳಲಿಲ್ಲ, ಅವನಿಗೂ ತೋಚಲಿಲ್ಲ.

"ಇವತ್ತೊಂದಿನ ರೊಟ್ಟಿಗಿ ನಿಲ್ಲವ್ವಾ," ಎಂದವಳು ಶೇಖಮ್ಮನೇ. "ನಾಳಿಗಿ ನಾನ ಕರಕೊಂಡ ಹೋಗ್ತೀನಿ."

"ಯವ್ವಾ, ಅದು ಇವತ್ತೇ ಅದ."

"ಮುಯ್ಯಿ ಇವತ್ತ ತಪ್ಪಿದ್ರ ನಾಳಿಗಿ ತೀರಸಂಗಿಲ್ಲೇನು? ಹಂಗ."

ಶಾಲೆಯ ಮೆಟ್ಟಿಲು ಹತ್ತದ ಶೇಖಮ್ಮನಿಗೆ ಅದು ಸಮಾಧಾನದ ಸುಳ್ಳಾಗಿರಲಿಲ್ಲ, ನಂಬಿಕೆಯಾಗಿತ್ತು. ಮರುದಿನದ ಮುಯ್ಯಿಯನ್ನು ಮುಂದಕ್ಕೆ ಹಾಕಿಸಿಕೊಂಡು, ಮಗಳಿಗೆ ತಲೆ ಬಾಚಿ, ಯಾದಗಿರಿಯ ಬಸ್ಸು ಹತ್ತಿದಳು. ಸಭಾಂಗಣದಲ್ಲಿ ಜವಾನ ಸೂಗಪ್ಪ ಕುರ್ಚಿ ಪೇರಿಸುತ್ತಿದ್ದ.

"ನಿನ್ನಿನೇ ಮುಗೀತಲ್ಲ ಯಕ್ಕಾ."

"ನಿನ್ನಿ ನಮ್ಮ ಹೊಲದಾಗ ಮುಯ್ಯಿ ಇತ್ತರಿ. ನಿನ್ನಿಂದು ಇವತ್ತ ಹೇಳ್ತಾಳ. ಕೇಳ್ರಿ, ಭಾಳ ಚಂದ ಹೇಳ್ತಾಳ."

ಸೂಗಪ್ಪ ಒಂದು ಕುರ್ಚಿ ಇಳಿಸಿ ಕೂತ. "ನನ್ನ ಮುಂದರ ಹೇಳವ್ವಾ ತಂಗಿ."

"ಬ್ಯಾಡ್ರಿ ಕಾಕಾ," ಎಂದಳು ನಂದಿನಿ. ತಾಯಿಯತ್ತ ತಿರುಗಿದ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಶೇಖಮ್ಮ ತಾಳುತ್ತಿದ್ದಳು.

"ನಡಿ ಯವ್ವಾ, ಬಸ್ಸಿಗಿ ಹೊತ್ತಾಗ್ತದ. ನಾಳಿಗಿ ನೀ ಮುಯ್ಯಿಗಿ ಹೋಗ್ಬೇಕು. ರೊಟ್ಟಿ ನಾನ ಬಡೀತೀನಿ."